ದಾವಣಗೆರೆಯಿಂದ ಹೊರಟು ಹಡಗು ಹತ್ತಿ: ಬೇಸಿಗೆ ರಜೆಗೆ ಕಡಿಮೆ ಖರ್ಚಿನ ಕ್ರೂಸ್

ಕ್ರೂಸ್ ಎಂದರೆ ದುಡ್ಡಿದ್ದವರ ಮಾತು ಎಂಬ ಭಾವನೆ ನಮ್ಮ ಕಡೆ ಇನ್ನೂ ಇದೆ. ಮುಂಬೈ–ಗೋವಾ ಹಡಗಿನಲ್ಲಿ ಕಿಟಕಿಯಿಲ್ಲದ ಒಳಕೋಣೆ ಹಿಡಿದರೆ ಊಟ, ವಸತಿ, ಸಂಜೆಯ ಕಾರ್ಯಕ್ರಮ ಎಲ್ಲವೂ ಟಿಕೆಟ್‌ನಲ್ಲೇ ಬರುತ್ತದೆ. ದುಡ್ಡು ಸೋರುವುದು ಹಡಗಿನೊಳಗಿಗಿಂತ ಅದರ ಎರಡು ತುದಿಗಳಲ್ಲಿ ಹೆಚ್ಚು: ಮನೆಯಿಂದ ಬಂದರು ಮುಟ್ಟುವಾಗ, ಬಂದರಿನಿಂದ ಊರು ನೋಡಲು ಇಳಿದಾಗ. ಆ ಎರಡು ಕಡೆ ಬಿಗಿ ಹಿಡಿದರೆ ಅರ್ಧ ಗೆದ್ದಂತೆ.

ಮೊದಲು ದಿನಾಂಕ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿದ್ದ ಮೇಲೆ ಶುಕ್ರವಾರ ಹೊರಡುವ ಹಡಗಿಗೆ ಎಲ್ಲರೂ ಮುಗಿಬೀಳುತ್ತಾರೆ. ಸೋಮವಾರ, ಮಂಗಳವಾರ ಹೊರಡುವ ಯಾನಕ್ಕೆ ಸಾಮಾನ್ಯವಾಗಿ ದರ ಕಡಿಮೆ. ಮೇ ಕೊನೆಯವರೆಗೆ ಮುಂದೂಡಬೇಡಿ. ಮುಂಗಾರು ಹತ್ತಿರವಾದಂತೆ ಅರಬ್ಬಿ ಸಮುದ್ರ ಕೆರಳುತ್ತದೆ, ಮಳೆಗಾಲದಲ್ಲಿ ಮುಂಬೈ ಹಡಗು ಚೆನ್ನೈ ಕಡೆಗೆ ಹೋಗಿಬಿಡುವುದೂ ಉಂಟು. ಮುಂಬೈಯಿಂದ ಯಾನ ನಡೆಸುತ್ತಿರುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ, 11 ಡೆಕ್‌ಗಳ (ಅಂತಸ್ತುಗಳ) ಹಡಗು. ಲಕ್ಷದ್ವೀಪದ ಯಾನವೂ ಇದೆ. ಅದು ಹೆಚ್ಚು ದಿನದ್ದು, ಪ್ರವೇಶ ಪರವಾನಗಿ ಬೇಕು, ದಡಕ್ಕೆ ಸಣ್ಣ ದೋಣಿಯಲ್ಲಿ ಇಳಿಯಬೇಕು. ಮೊದಲ ಸಲ ಹೋಗುವವರಿಗೆ ಗೋವಾ ಸಾಕು.

ಜಾಹೀರಾತಿನ ದರ ನೋಡಿ ಮರುಳಾಗಬೇಡಿ. ಆ ಅಂಕಿ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ತಲೆಗೆ ಬೀಳುವ ಮೊತ್ತ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಸೇರುತ್ತವೆ. ಪಾವತಿಯ ಕೊನೆಯ ಪುಟದವರೆಗೆ ಹೋಗಿ, ಒಟ್ಟು ಮೊತ್ತವನ್ನು ತಲೆಗೂ ದಿನಕ್ಕೂ ಭಾಗಿಸಿ, ಆಮೇಲೆ ಹೋಲಿಸಿ. ಒಂದೇ ಕೋಣೆಯಲ್ಲಿ ಮೂರನೆಯ, ನಾಲ್ಕನೆಯ ಹಾಸಿಗೆಗೆ ದರ ಇಳಿಯುತ್ತದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದರೆ ಎರಡು ಕೋಣೆ ಹಿಡಿಯುವುದು ದಂಡ.

ಕೋಣೆ ಆರಿಸುವಾಗ ಕೆಳಗಿನ ಡೆಕ್, ಹಡಗಿನ ನಡುಭಾಗ ಕೇಳಿ. ತೊಟ್ಟಿಲನ್ನು ನೆನಪಿಸಿಕೊಳ್ಳಿ: ತುದಿಗಳು ಏರಿಳಿದಷ್ಟು ನಡು ಏರಿಳಿಯುವುದಿಲ್ಲ. ಬಾಲ್ಕನಿಯ ಕೋಣೆ ಮೇಲಿನ ಡೆಕ್‌ನಲ್ಲಿರುತ್ತದೆ, ಅದಕ್ಕೆ ದರವೂ ಜಾಸ್ತಿ, ತೂಗಾಟವೂ ಜಾಸ್ತಿ. ಬಸ್ಸಿನಲ್ಲೇ ವಾಂತಿ ಮಾಡುವ ಮಕ್ಕಳಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ತಂದಿಡಿ. ಅದನ್ನು ಹಡಗು ಹೊರಡುವ ಮುಂಚೆಯೇ ಕೊಡಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೇ ಹೊರಗೆ ಬರುತ್ತದೆ.

ಇನ್ನು ಹೆಸರಿನ ಗೊಂದಲ. ಬುಕಿಂಗ್ ಫಾರ್ಮ್ ಉಪನಾಮ ಕೇಳುತ್ತದೆ, ನಮ್ಮಲ್ಲಿ ಬಹಳ ಜನರಿಗೆ ಇರುವುದು ಇನಿಷಿಯಲ್ ಮಾತ್ರ. ಖಾಲಿ ಬಿಡಲಾಗದೆ ಊರ ಹೆಸರನ್ನೋ ತಂದೆಯ ಹೆಸರನ್ನೋ ತುಂಬಿದರೆ, ಬಂದರಿನ ಕೌಂಟರ್‌ನಲ್ಲಿ ಟಿಕೆಟ್ ಒಂದು, ಆಧಾರ್ ಒಂದು ಆಗುತ್ತದೆ. ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಬರೆಯಿರಿ, ಮೂಲ ಕಾರ್ಡನ್ನೇ ಒಯ್ಯಿರಿ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಹಡಗಿನಲ್ಲಿ ನಿರ್ಬಂಧಗಳಿರುತ್ತವೆ. ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ.

ಮುಂಬೈಗೆ ರೈಲೇ ಲೇಸು. ದಾದರ್‌ಗೆ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ದಾವಣಗೆರೆ ಮೇಲೆ ಹಾದುಹೋಗುತ್ತವೆ. ವಾರದ ಎಲ್ಲ ದಿನವೂ ಇಲ್ಲದ್ದರಿಂದ ಹಡಗಿನ ದಿನಕ್ಕೂ ರೈಲಿನ ದಿನಕ್ಕೂ ಜೋಡಿ ಹೊಂದಿಸಿದ ಮೇಲೇ ಹಡಗಿನ ದುಡ್ಡು ಕಟ್ಟಿ. ರೈಲ್ವೆ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಚಿತ್ರದುರ್ಗದವರು ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಬಂದು ದಾವಣಗೆರೆಯಲ್ಲೇ ಹತ್ತುವುದು ಸುಲಭ. ರಾತ್ರಿ ಬಸ್ಸು ನೆಚ್ಚಿಕೊಂಡು ಅದೇ ದಿನ ಹಡಗು ಹತ್ತುವ ಲೆಕ್ಕ ಹಾಕಬೇಡಿ. 700 ಕಿ.ಮೀ.ಗೂ ಮಿಕ್ಕಿದ ದಾರಿಯಲ್ಲಿ ಪುಣೆ ದಾಟಿದ ಮೇಲೆ ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಸಾಕು, ಹಡಗು ನಿಮಗಾಗಿ ಕಾಯುವುದಿಲ್ಲ. ಒಂದು ದಿನ ಮೊದಲೇ ಮುಂಬೈ ಸೇರುವುದು ಎಲ್ಲಕ್ಕಿಂತ ಕ್ಷೇಮ. ದಾದರ್‌ನಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ಲೋಕಲ್ ಹಿಡಿಯಿರಿ. ಎಂಟು ಗಂಟೆಯ ನೂಕುನುಗ್ಗಲಿನಲ್ಲಿ ಸೂಟ್‌ಕೇಸ್ ಹಿಡಿದು ಹತ್ತಲಾಗದು, ಬೆಳಗಿನ ಜಾವವೇ ಮುಗಿಸಿ. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಗೆ ಸ್ವಲ್ಪವೇ ದೂರ.

ಟರ್ಮಿನಲ್‌ನಲ್ಲಿ ದೊಡ್ಡ ಚೀಲಗಳಿಗೆ ಕೋಣೆ ಸಂಖ್ಯೆಯ ಚೀಟಿ ಕಟ್ಟಿ ಒಯ್ಯುತ್ತಾರೆ, ಅವು ಕೋಣೆಗೆ ಬರುವುದು ಸಂಜೆಗೆ. ಔಷಧಿ, ಆಧಾರ್, ಚಾರ್ಜರ್, ಮಕ್ಕಳ ಈಜುಡುಗೆ ಕೈಚೀಲದಲ್ಲಿರಲಿ. ಈಜುಕೊಳಕ್ಕೆ ಹತ್ತಿಯ ಚಡ್ಡಿ, ಬನಿಯನ್ ನಡೆಯುವುದಿಲ್ಲ, ನೈಲಾನ್ ಬಟ್ಟೆಯೇ ಬೇಕು. ಇಸ್ತ್ರಿ ಪೆಟ್ಟಿಗೆ, ಬಿಸಿನೀರಿನ ಕೆಟಲ್ ತಪಾಸಣೆಯಲ್ಲೇ ಉಳಿಯುತ್ತವೆ. ಮನೆ ಅಡುಗೆಯನ್ನೂ ಒಳಗೆ ಬಿಡುವುದಿಲ್ಲ. ಮಂಡಕ್ಕಿ, ಚಟ್ನಿಪುಡಿಯನ್ನು ರೈಲಿನಲ್ಲೇ ಖಾಲಿ ಮಾಡಿ.

ಹತ್ತಿದ ಕೂಡಲೇ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ದಡ ಮರೆಯಾದಾಗ ಫೋನ್ ತಾನಾಗಿ ಹಡಗಿನ ಉಪಗ್ರಹ ಜಾಲ ಹಿಡಿಯಬಹುದು, ಆ ರೋಮಿಂಗ್ ದರ ಕೈ ಸುಡುತ್ತದೆ. ಸುರಕ್ಷತಾ ತಾಲೀಮನ್ನು ತಪ್ಪಿಸಬೇಡಿ. ಏಳು ಸಲ ಚಿಕ್ಕ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಸೇರಬೇಕೆಂದು ಮಕ್ಕಳಿಗೂ ಗೊತ್ತಿರಬೇಕು. ಹಡಗಿನೊಳಗೆ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡ್ ತೋರಿಸಿದರೆ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ತಂಪು ಪಾನೀಯ, ವೈಫೈ, ವಿಶೇಷ ರೆಸ್ಟೋರೆಂಟ್, ಮಕ್ಕಳ ವಿಡಿಯೊ ಆಟ ಹೀಗೆಯೇ ಬೆಳೆಯುತ್ತವೆ. ದಿನಾ ರಾತ್ರಿ ಲೆಕ್ಕದ ಚೀಟಿ ಕೇಳಿ ನೋಡಿ.

ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮರ್ಮಗೋವಾ ಬಂದರಿನಲ್ಲಿ. ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ಎಂಟು ಗಂಟೆ ನಿಲ್ಲುತ್ತದೆ ಎಂದರೆ ಎಂಟು ಗಂಟೆ ನಿಮ್ಮದಲ್ಲ: ಇಳಿಯುವ ಸಾಲಿಗೆ ಒಂದು ಗಂಟೆ, ಮರಳಿ ಬಂದು ತಪಾಸಣೆ ಮುಗಿಸಲು ಒಂದೂವರೆ ಗಂಟೆ ಕಳೆಯಿರಿ. ಉಳಿದ ಐದೂವರೆ ಗಂಟೆಯಲ್ಲಿ ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾ, ಎದುರಿನ ಸೆ ಕೆಥೆಡ್ರಲ್, ಬರುವಾಗ ಮಂಗೇಶಿ ದೇವಸ್ಥಾನ ಆಗುತ್ತದೆ. ಅಗುವಾಡ ಕೋಟೆ, ಕಲಂಗುಟ್ ಸೇರಿಸಿದರೆ ಓಟವೇ ಆಗುತ್ತದೆ. ಚಿಕ್ಕ ಮಕ್ಕಳಿದ್ದರೆ ದೂರ ಹೋಗದೆ ಬೊಗ್ಮಾಲೊ ಕಡಲತೀರ, ಆ ದಾರಿಯ ನೌಕಾ ವಿಮಾನ ಸಂಗ್ರಹಾಲಯ ನೋಡಿ. ಸೋಮವಾರ ಸಂಗ್ರಹಾಲಯಕ್ಕೆ ರಜೆ.

ಹಡಗಿನವರ ಬಸ್ ಪ್ರವಾಸಕ್ಕೆ ತಲೆಲೆಕ್ಕ, ಟ್ಯಾಕ್ಸಿಗೆ ಗಾಡಿಲೆಕ್ಕ. ನಾಲ್ಕು ಜನರಿದ್ದರೆ ಟ್ಯಾಕ್ಸಿ ಅಗ್ಗ, ಒಬ್ಬಿಬ್ಬರಾದರೆ ಬಸ್ಸೇ ಸರಿ. ಬಸ್ಸಿಗೆ ಇನ್ನೊಂದು ಅನುಕೂಲವಿದೆ: ಅದು ತಡವಾದರೆ ಹಡಗಿನವರು ಹೊಣೆ ಹೊತ್ತು ಕಾಯುತ್ತಾರೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ಬಂದರಿನ ಗೇಟ್ ಹೊರಗೆ ಬಂದು, ಕಾಯುವ ಸಮಯ, ಪಾರ್ಕಿಂಗ್ ಸೇರಿಸಿಯೇ ದರ ಮಾತಾಡಿ.

ದುಡ್ಡು ಉಳಿಸುವ ದೊಡ್ಡ ದಾರಿ ಕೊನೆಯಲ್ಲಿದೆ. ವೇಳಾಪಟ್ಟಿಯಲ್ಲಿ ಮುಂಬೈ–ಗೋವಾ ಒಂದೇ ಕಡೆಯ ಟಿಕೆಟ್ ಇದ್ದರೆ ಅದನ್ನೇ ಕೊಳ್ಳಿ. ಗೋವಾದಲ್ಲಿ ಚೀಲ ಸಮೇತ ಇಳಿದು, ಹಗಲೆಲ್ಲ ನಿಶ್ಚಿಂತೆಯಿಂದ ಊರು ನೋಡಿ, ರಾತ್ರಿ ವಾಸ್ಕೊ–ಯಶವಂತಪುರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ದಾವಣಗೆರೆ. ಮತ್ತೆ ಮುಂಬೈ ಸುತ್ತುವ ಖರ್ಚು ಉಳಿಯಿತು. ಹಾಗೆ ಇಳಿಯುವವರು ಹಿಂದಿನ ರಾತ್ರಿ ದೊಡ್ಡ ಚೀಲವನ್ನು ಬಾಗಿಲ ಹೊರಗೆ ಇಡಬೇಕಾಗುತ್ತದೆ. ಬೆಳಿಗ್ಗೆ ಉಡುವ ಬಟ್ಟೆಯನ್ನೂ ಅದರಲ್ಲೇ ತುಂಬಿ ಕೊಟ್ಟು ಪೇಚಾಡುವವರು ಬಹಳ. ಮೇ ತಿಂಗಳಲ್ಲಿ ಈ ರೈಲಿಗೂ ನೂಕುನುಗ್ಗಲು. ವೇಟಿಂಗ್ ಉಳಿದರೆ ಸಿಕ್ಕ ಗಾಡಿಯಲ್ಲಿ ಹುಬ್ಬಳ್ಳಿಗೆ ಬನ್ನಿ, ಅಲ್ಲಿಂದ ದಾವಣಗೆರೆಗೆ ಬಸ್ಸುಗಳಿಗೆ ಕೊರತೆಯಿಲ್ಲ.