ಕೈಗಡಿಯಾರ ಹೇಳಿದ 2,190 ಕ್ಯಾಲೊರಿ

ಸ್ಮಾರ್ಟ್‌ವಾಚ್ ಕಟ್ಟಿಕೊಂಡ ಮೊದಲ ಮೂರು ತಿಂಗಳು ಅದು ಹೇಳಿದ್ದನ್ನು ನಂಬಿಯೇ ಉಂಡೆ. ನನಗೆ 44 ವರ್ಷ, 68 ಕಿಲೊ ತೂಕ, 157 ಸೆಂ.ಮೀ. ಎತ್ತರ. ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ರಕ್ತದಲ್ಲಿ ಸಕ್ಕರೆ ಗಡಿಯಂಚಿಗೆ ಬಂದಿದೆ, ಐದು ಕಿಲೊ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ನಾನು ದಿನಕ್ಕೆ ಸರಾಸರಿ 2,190 ಕ್ಯಾಲೊರಿ ಖರ್ಚು ಮಾಡುತ್ತೇನೆ ಎಂದಿತು ವಾಚು. ಅದಕ್ಕಿಂತ ನಾನೂರು ಕಡಿಮೆ ತಿಂದರೆ ತಿಂಗಳಿಗೆ ಒಂದೂವರೆ ಕಿಲೊ ಇಳಿಯಲೇಬೇಕು ಅಂದುಕೊಂಡೆ. ಮೂರು ತಿಂಗಳಾದರೂ ತೂಕದ ಯಂತ್ರದ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ಇತ್ತು.

ಮೊದಮೊದಲು ತಪ್ಪು ನನ್ನದೇ, ಎಲ್ಲೋ ಕದ್ದು ತಿನ್ನುತ್ತಿದ್ದೇನೆ ಅನ್ನಿಸಿತು. ಇದು ಬಹಳ ಜನರಿಗೆ ಆಗುವ ನೋವು. ಯಂತ್ರ ಅಂಕಿ ಕೊಟ್ಟ ಮೇಲೆ ನಮ್ಮ ಮೇಲೆ ನಮಗೇ ಅನುಮಾನ ಹುಟ್ಟುತ್ತದೆ. ಅದಕ್ಕೇ ಒಂದು ಸಲ ಸರಿಯಾಗಿ ಲೆಕ್ಕ ಹಾಕಿಯೇ ಬಿಡೋಣ ಎಂದು ಕೂತೆ.

ದೇಹದ ಖರ್ಚನ್ನು ನಿಜವಾಗಿ ಅಳೆಯಬೇಕಾದರೆ ಉಸಿರಿನಲ್ಲಿ ಒಳಗೆ ಹೋದ ಆಮ್ಲಜನಕವನ್ನೂ ಹೊರಗೆ ಬಂದ ಇಂಗಾಲದ ಡೈಆಕ್ಸೈಡನ್ನೂ ಅಳೆಯಬೇಕು. ಒಂದು ಲೀಟರ್ ಆಮ್ಲಜನಕ ಬಳಕೆಯಾದರೆ ಸುಮಾರು 5 ಕ್ಯಾಲೊರಿ (ಊಟದ ಲೆಕ್ಕದಲ್ಲಿ ಕ್ಯಾಲೊರಿ ಎಂದರೆ ಕಿಲೊಕ್ಯಾಲೊರಿ) ಖರ್ಚಾಯಿತು ಎಂದರ್ಥ. ಮಣಿಕಟ್ಟಿನ ಮೇಲೆ ಕೂತ ವಾಚಿಗೆ ಉಸಿರು ಎಲ್ಲಿ ಸಿಗಬೇಕು? ಅದಕ್ಕೆ ಮುಖ್ಯವಾಗಿ ಗೊತ್ತಾಗುವುದು ಎರಡು: ಕೈ ಎಷ್ಟು ಅಲುಗಿತು, ಚರ್ಮದ ಮೇಲೆ ಬಿಟ್ಟ ಹಸಿರು ಬೆಳಕು ನಾಡಿ ಬಡಿದಂತೆಲ್ಲ ಹೇಗೆ ಹೆಚ್ಚುಕಡಿಮೆಯಾಗಿ ಮರಳಿತು. ಇವೆರಡರ ಜೊತೆ ನಾವೇ ತುಂಬಿದ ವಯಸ್ಸು, ತೂಕ, ಎತ್ತರ, ಲಿಂಗ ಸೇರಿಸಿ ಒಂದು ಸೂತ್ರಕ್ಕೆ ಹಾಕುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆ್ಯಪಿನಲ್ಲಿ ನನ್ನ ತೂಕವನ್ನು 68ರ ಬದಲು 78 ಎಂದು ಬರೆದೆ. ನನ್ನ ದಿನಚರಿ ಬದಲಾಗಲಿಲ್ಲ, ಆದರೂ ಮರುದಿನದ ಒಟ್ಟು ಖರ್ಚು ನೂರಕ್ಕೂ ಮೇಲೆ ಏರಿತು.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ಇದನ್ನೇ ಪರೀಕ್ಷಿಸಿದ್ದರು. ನಾಡಿಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇ. 5ರ ಒಳಗೇ ಇತ್ತು. ಕ್ಯಾಲೊರಿಗೆ ಬಂದರೆ ಎಲ್ಲಕ್ಕಿಂತ ಚೆನ್ನಾಗಿ ಹೇಳಿದ ಸಾಧನವೇ ಸರಾಸರಿ ಶೇ. 27ರಷ್ಟು ತಪ್ಪಿತ್ತು. ತೀರಾ ಕೆಟ್ಟದ್ದು ಶೇ. 93. ಇದನ್ನು ಓದಿದ ಮೇಲೆ ನನ್ನ ಮೇಲಿನ ಅನುಮಾನ ಅರ್ಧ ಕಡಿಮೆಯಾಯಿತು. ಆ ಸಾಧನಗಳೆಲ್ಲ ಈಗ ಹಳೆಯವು, ನನ್ನ ವಾಚಿಗೂ ಆ ಅಂಕಿಗಳಿಗೂ ನೇರ ಸಂಬಂಧವಿಲ್ಲ. ಹಾಗಾಗಿ ನನ್ನ ವಾಚು ನನ್ನ ದೇಹದ ವಿಷಯದಲ್ಲಿ ಎಷ್ಟು ತಪ್ಪುತ್ತದೆ ಎಂಬುದನ್ನು ನಾನೇ ಕಂಡುಕೊಳ್ಳಬೇಕಿತ್ತು.

ಆಮ್ಲಜನಕ ಅಳೆಯುವ ಯಂತ್ರ ನನ್ನ ಬಳಿ ಇಲ್ಲ. ಆದರೆ ತಿಂದದ್ದು ಗೊತ್ತಿದ್ದು, ತೂಕ ಎಷ್ಟು ಏರಿತು ಇಳಿಯಿತು ಗೊತ್ತಿದ್ದರೆ ಖರ್ಚು ತಾನಾಗಿ ಸಿಗುತ್ತದೆ. ಒಂದು ಕಿಲೊ ಕೊಬ್ಬು ಕರಗುವುದೆಂದರೆ ಸುಮಾರು 7,700 ಕ್ಯಾಲೊರಿ. ಆರು ವಾರ ತೂಗಿ ತಿನ್ನುವುದೆಂದು ತೀರ್ಮಾನಿಸಿದೆ.

ಕಷ್ಟವಾದದ್ದು ನಮ್ಮ ಅಡುಗೆ. ಪೊಟ್ಟಣದ ಬಿಸ್ಕತ್ತಿಗೆ ಲೇಬಲ್ ಇರುತ್ತದೆ, ಹುಳಿಗೆ ಎಲ್ಲಿಂದ ತರುವುದು? ನಾನು ಹಿಡಿದ ದಾರಿ ಇದು. ಪ್ರತಿ ಪಾತ್ರೆಯ ಖಾಲಿ ತೂಕವನ್ನು ತೂಗಿ ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಿದೆ. ಬೇಳೆ, ತರಕಾರಿ, ಕಾಯಿತುರಿ, ಒಗ್ಗರಣೆಯ ಎಣ್ಣೆ ಎಲ್ಲವನ್ನೂ ಹಸಿಯಾಗಿರುವಾಗಲೇ ತೂಗಿ ಬರೆದೆ. ಅಡುಗೆ ಆದ ಮೇಲೆ ಪಾತ್ರೆಯ ಸಮೇತ ತೂಗಿ ಖಾಲಿ ತೂಕ ಕಳೆದೆ. 1,400 ಗ್ರಾಂ ಹುಳಿಯಲ್ಲಿ ಒಟ್ಟು 770 ಕ್ಯಾಲೊರಿ ಇದ್ದರೆ ನೂರು ಗ್ರಾಮಿಗೆ 55. ತಟ್ಟೆಗೆ ಬಡಿಸಿಕೊಂಡದ್ದು 180 ಗ್ರಾಂ ಆದರೆ 99. ಧಾನ್ಯ ಬೇಳೆಗಳ ಅಂಕಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕ ಬಳಸಿದೆ. ಅದರಲ್ಲಿ ಶಕ್ತಿಯನ್ನು ಕಿಲೊಜೂಲ್‌ನಲ್ಲಿ ಕೊಟ್ಟಿರುತ್ತಾರೆ, 4.184ರಿಂದ ಭಾಗಿಸಿಕೊಳ್ಳಬೇಕು. ರಾಗಿ ನೂರು ಗ್ರಾಮಿಗೆ ಸುಮಾರು 320, ಅಕ್ಕಿ ಸುಮಾರು 356. ಮುದ್ದೆಯನ್ನು ಬೆಂದ ಮೇಲೆ ತೂಗಿ ಲೆಕ್ಕ ಹಾಕಿದರೆ ನೀರಿನ ಪಾಲು ದಿನದಿನಕ್ಕೆ ಬದಲಾಗಿ ದಾರಿ ತಪ್ಪುತ್ತದೆ. ಹಿಟ್ಟನ್ನೇ ತೂಗಬೇಕು. ಒಗ್ಗರಣೆಗೆ ಒಂದು ಚಮಚ ಎಂದು ನಾನು ಹಾಕುತ್ತಿದ್ದ ಎಣ್ಣೆ ತೂಗಿದಾಗ 11 ಗ್ರಾಂ, ಅಂದರೆ 99 ಕ್ಯಾಲೊರಿ.

ತೂಕ ನೋಡುವುದಕ್ಕೂ ಕ್ರಮ ಬೇಕು. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ದಿನಾ ನೋಡಿ ವಾರದ ಸರಾಸರಿ ತೆಗೆದೆ. ಮುಟ್ಟಿನ ಹೊತ್ತಿಗೆ ನನ್ನ ತೂಕ ಒಂದು ಕಿಲೊ ಏರುತ್ತದೆ, ಅದು ಬರೀ ನೀರು. ಅದಕ್ಕೇ ಮೊದಲ ವಾರವನ್ನು ಐದನೆಯದರ ಜೊತೆ, ಎರಡನೆಯದನ್ನು ಆರನೆಯದರ ಜೊತೆ ಹೋಲಿಸಿದೆ. 28 ದಿನದ ಅಂತರದಲ್ಲಿ ಸರಾಸರಿ 250 ಗ್ರಾಂ ಇಳಿದಿತ್ತು. ದಿನಕ್ಕೆ 69 ಕ್ಯಾಲೊರಿ. ತಿಂದದ್ದು ಸರಾಸರಿ 1,740. ಎರಡೂ ಕೂಡಿಸಿದರೆ ನನ್ನ ನಿಜವಾದ ಖರ್ಚು ಸುಮಾರು 1,810. ವಾಚು ಹೇಳಿದ್ದು 2,190.

ವ್ಯತ್ಯಾಸ 380, ಅಂದರೆ ನಿಜವಾದ ಖರ್ಚಿನ ಶೇ. 21. ನಾನು ಕಳೆದುಕೊಳ್ಳಬೇಕೆಂದುಕೊಂಡಿದ್ದ ನಾನೂರು ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೂ ಈ ತಪ್ಪಿನಲ್ಲೇ ಮುಳುಗಿಹೋಗಿತ್ತು. ನನ್ನ ಲೆಕ್ಕವೂ ಪಕ್ಕಾ ಅಲ್ಲ, ಎರಡು ಮದುವೆ ಊಟಗಳನ್ನು ಅಂದಾಜಿನಲ್ಲೇ ಬರೆದೆ. ನೂರು ಆಚೀಚೆ ಇದ್ದೀತು. 380 ಇರಲಾರದು.

ಹಾಗಾದರೆ ವಾಚಿನ ಅಂಕಿಯಲ್ಲಿ ಆರನೇ ಒಂದು ಪಾಲು ಕಳೆದುಬಿಟ್ಟರೆ ಆಯಿತಲ್ಲ ಎಂದು ನನ್ನ ನಾದಿನಿ ಕೇಳಿದಳು. ನಾನೂ ಹಾಗೇ ಆಸೆಪಟ್ಟಿದ್ದೆ. ಅದಕ್ಕೇ ಬಿಡಿ ಬಿಡಿ ಚಟುವಟಿಕೆಗಳನ್ನೂ ನೋಡಿದೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 48 ನಿಮಿಷದಲ್ಲಿ 4 ಕಿ.ಮೀ. ನಡೆದರೆ, ವ್ಯಾಯಾಮ ವಿಜ್ಞಾನದವರ ನಡಿಗೆ ಸೂತ್ರದಂತೆ ನನ್ನ ಖರ್ಚು 193. ವಾಚು ತೋರಿಸಿದ್ದು 251. ಅದೇ ದಾರಿ, ಅದೇ ವೇಗದಲ್ಲಿ ಏಪ್ರಿಲ್ ತಿಂಗಳ ಸಂಜೆ ಸೆಕೆಯಲ್ಲಿ ನಡೆದಾಗ 290. ಸೆಕೆಗೆ ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಎದೆಬಡಿತ ಏರುತ್ತದೆ, ಆದರೆ ಆಮ್ಲಜನಕದ ಬಳಕೆ ಅಷ್ಟು ಏರುವುದಿಲ್ಲ. ವಾಚು ಬಡಿತವನ್ನೇ ಕೆಲಸ ಎಂದು ಓದಿತು.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದು ನನಗೆ ತುಂಬ ಇಷ್ಟವಾದ ಪ್ರಯೋಗ. ಸುಮಾರು ಸಾವಿರ ಮೆಟ್ಟಿಲು, ಏರಿಕೆ 250 ಮೀಟರ್ ಎಂದಿಟ್ಟುಕೊಂಡೆ. ಹೈಸ್ಕೂಲಿನ ಭೌತಶಾಸ್ತ್ರ ಸಾಕು: 68 ಕಿಲೊವನ್ನು ಅಷ್ಟೆತ್ತರ ಎತ್ತುವ ಕೆಲಸ 40 ಕ್ಯಾಲೊರಿ. ನಮ್ಮ ಸ್ನಾಯುಗಳು ಖರ್ಚು ಮಾಡಿದ್ದರಲ್ಲಿ ಕಾಲು ಭಾಗವಷ್ಟೇ ಕೆಲಸವಾಗಿ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ 160. ಅಡ್ಡ ನಡಿಗೆ, ಆ ನಲವತ್ತು ನಿಮಿಷದ ವಿಶ್ರಾಂತಿ ಖರ್ಚು ಎಲ್ಲ ಸೇರಿ 235. ವಾಚು 318 ಎಂದಿತು. ಎದುರು ದಿಕ್ಕಿನ ತಪ್ಪೂ ಇತ್ತು. ನೀರು ಬಾರದ ದಿನ ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಮಹಡಿ ಹತ್ತಿದಾಗ ಕೈ ಬೀಸಲಿಲ್ಲವಾದ್ದರಿಂದ ಹೆಜ್ಜೆಗಳೇ ವಾಚಿನ ಲೆಕ್ಕಕ್ಕೆ ಸರಿಯಾಗಿ ಬೀಳಲಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಹೆಜ್ಜೆಗಳು ಬಿದ್ದವು. ತಪ್ಪು ಒಂದೇ ಅಳತೆಯದಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಇದು ಕೆಲಸಕ್ಕೊಂದು, ಹವೆಗೊಂದು ತಪ್ಪು. ಆರು ವಾರದ ಸರಾಸರಿಗೆ ವಾಚಿನ ಅಂಕಿಯ ಶೇ. 17 ಕಳೆಯುವುದು ಸರಿ. ಇವತ್ತಿನ ನಡಿಗೆಯ ಅಂಕಿ ನೋಡಿ ಇವತ್ತು ಒಂದು ಹೋಳಿಗೆ ಹೆಚ್ಚು ತಿನ್ನಬಹುದೇ ಎಂಬುದಕ್ಕೆ ಅದರಿಂದ ಉತ್ತರ ಸಿಗದು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಸುಮ್ಮನೆ ಮಲಗಿದ್ದರೂ ಆಗುವ ಖರ್ಚೇ ದಿನದ ದೊಡ್ಡ ಪಾಲು. ಅದನ್ನು ಊಹಿಸಲು ಬಹುಕಾಲ ಜಗತ್ತಿನೆಲ್ಲೆಡೆ ಬಳಕೆಯಲ್ಲಿದ್ದ ಶೋಫೀಲ್ಡ್ ಸೂತ್ರಗಳ ಹಿಂದಿನ ಮಾಹಿತಿಯಲ್ಲಿ ಇಟಲಿಯವರ ಪಾಲು ಬಹಳ ದೊಡ್ಡದು. ಅವು ಭಾರತೀಯರ ಖರ್ಚನ್ನು ಹೆಚ್ಚಾಗಿ ತೋರಿಸುತ್ತವೆ ಎಂದು 1990ರ ದಶಕದಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಳೆದು ತೋರಿಸಿದ್ದರು. ನಮ್ಮ ಮಣಿಕಟ್ಟಿಗೆ ಕಟ್ಟುವ ವಸ್ತು ಮಾರುವವರು ನಮ್ಮಂಥ ದೇಹಗಳ ಮೇಲೆ ಪರೀಕ್ಷಿಸಿ, ಎಷ್ಟು ತಪ್ಪಬಹುದು ಎಂದು ಪೆಟ್ಟಿಗೆಯ ಮೇಲೇ ಅಚ್ಚು ಹಾಕಬೇಕು. ಸಕ್ಕರೆ ಕಾಯಿಲೆ ಇರುವವರು, ಬಾಣಂತಿಯರು ಈ ಅಂಕಿ ನೋಡಿ ಊಟ ಹೆಚ್ಚುಕಡಿಮೆ ಮಾಡುತ್ತಿದ್ದಾರೆ.

ವಾಚನ್ನು ನಾನು ಬಿಚ್ಚಿಲ್ಲ. ನಾಡಿಬಡಿತಕ್ಕೆ, ನಿದ್ದೆಯ ಹೊತ್ತಿಗೆ, ಒಂದು ಗಂಟೆಗಿಂತ ಹೆಚ್ಚು ಕೂತರೆ ಎಬ್ಬಿಸುವುದಕ್ಕೆ ಅದು ಬೇಕು. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಬಳೆ ತಾಗದಂತೆ ಕಟ್ಟಿದರೆ ಬಡಿತವನ್ನು ಚೆನ್ನಾಗಿ ಹಿಡಿಯುತ್ತದೆ. ಕ್ಯಾಲೊರಿಯನ್ನು ಮಾತ್ರ ಮುಖಪುಟದಿಂದ ತೆಗೆದೆ. 1,810ನ್ನು ಬುಡ ಮಾಡಿಕೊಂಡು ದಿನಕ್ಕೆ 1,450ರ ಹತ್ತಿರ ಉಣ್ಣುತ್ತಿದ್ದೇನೆ. ಹನ್ನೊಂದು ವಾರವಾಯಿತು, ಕಳೆದ ವಾರದ ಸರಾಸರಿ 65.3. ಬರುವ ತಿಂಗಳಿಂದ ಮತ್ತೆ ಆರು ವಾರ ತೂಗಿ ಬರೆಯಬೇಕು. ಮೂರು ಕಿಲೊ ಹಗುರವಾದ ದೇಹದ ಖರ್ಚೂ ಇಳಿದಿರುತ್ತದೆ, 1,810 ಈಗ ಹಳೆಯ ಅಂಕಿ.