ಅಹವಾಲು ಸಭೆಗೆ ಮೂವತ್ತು ದಿನ: ಕರಾವಳಿಯ ಊರು ಮಾಡಬೇಕಾದ ಕೆಲಸ

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಹೀರಾತು ಬಂದಿದೆ ಅಂದುಕೊಳ್ಳಿ. ನಿಮ್ಮೂರಿನ ತೀರದಲ್ಲಿ ಬಂದರು ಬರಲಿದೆ. ಪರಿಸರ ಸಾರ್ವಜನಿಕ ಅಹವಾಲು ಸಭೆ ಇಂಥ ದಿನ, ಇಂಥ ಮೈದಾನದಲ್ಲಿ. ಜಾಹೀರಾತಿಗೂ ಸಭೆಗೂ ನಡುವೆ ಕನಿಷ್ಠ 30 ದಿನ ಇರಲೇಬೇಕು. ಈ ದಿನಗಳಲ್ಲಿ ಹೆಚ್ಚಿನವು ಬ್ಯಾನರು, ಪತ್ರಿಕಾಗೋಷ್ಠಿ, ವಾಹನದ ಏರ್ಪಾಡಿನಲ್ಲೇ ಕಳೆದುಹೋಗುತ್ತವೆ. ಎಷ್ಟು ಸಾವಿರ ಜನ ಸೇರಿದರು ಎಂಬುದು ಮರುದಿನದ ಸುದ್ದಿ, ಅಷ್ಟೆ. ಅಹವಾಲು ಸಭೆ ಮತದಾನವಲ್ಲ. ಯೋಜನೆಯನ್ನು ತೂಗುವ ತಜ್ಞರ ಸಮಿತಿಯ ಮೇಜಿಗೆ ಹೋಗುವುದು ಸಭೆಯ ನಡಾವಳಿ, ಜೊತೆಗೆ ಜನರ ಆಕ್ಷೇಪ ಒಂದು ಕಡೆ ಮತ್ತು ಕಂಪನಿಯ ಉತ್ತರ ಇನ್ನೊಂದು ಕಡೆ ಇರುವ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಏನು ಕೂರಬೇಕು ಎಂಬುದನ್ನು ಊರೇ ತೀರ್ಮಾನಿಸಬೇಕು.

ಮೊದಲ ವಾರ: ಕಾಗದ ಕೈಗೆ ಬರಲಿ

ಇದೆಲ್ಲ ನಡೆಯುವುದು 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ. ವರ್ಷಕ್ಕೆ 50 ಲಕ್ಷ ಟನ್ ಅಥವಾ ಅದಕ್ಕೂ ಹೆಚ್ಚು ಸರಕು ನಿಭಾಯಿಸುವ ಬಂದರು ‘ಎ’ ವರ್ಗಕ್ಕೆ ಸೇರಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೋಗುತ್ತದೆ. ಕಡಿಮೆಯದು ‘ಬಿ’ ವರ್ಗ. ಅದು ಬೆಂಗಳೂರಿನ ರಾಜ್ಯ ಪ್ರಾಧಿಕಾರದ ಮುಂದೆ. ಅದರಲ್ಲೇ ‘ಬಿ-2’ ಎಂದು ಗುರುತಿಸಿದರೆ ಇಐಎ ವರದಿಯೂ ಇಲ್ಲ, ಅಹವಾಲು ಸಭೆಯೂ ಇಲ್ಲ. ಹಾಗಾಗಿ ಅರ್ಜಿಯಲ್ಲಿ ಬರೆದಿರುವ ಸಾಮರ್ಥ್ಯ ಎಷ್ಟು, ಅದು ಮಿತಿಗೆ ತುಸುವೇ ಕೆಳಗೆ ನಿಂತಿದೆಯೇ, ಬಂದರಿಗೆ ಬೇಕಾದ ರಸ್ತೆ, ರೈಲು ಮಾರ್ಗ, ಕಲ್ಲಿನ ಕ್ವಾರಿಗಳನ್ನು ಬೇರೆ ಬೇರೆ ಯೋಜನೆಗಳೆಂದು ತೋರಿಸಲಾಗಿದೆಯೇ ಎಂದು ಮೊದಲೇ ನೋಡಿ.

ಕರಡು ಇಐಎ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಂಬಂಧಪಟ್ಟ ಗ್ರಾಮ ಪಂಚಾಯಿತಿ ಮತ್ತು ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಜನರಿಗೆ ನೋಡಸಿಗಬೇಕು. ಪಿಡಿಒ ‘ನಮಗೆ ಬಂದಿಲ್ಲ’ ಎಂದರೆ ಜಗಳಕ್ಕೆ ನಿಲ್ಲಬೇಡಿ; ಅದನ್ನೇ ಬರೆದು ಹಿಂಬರಹ ಕೊಡಿ ಎನ್ನಿ. ವರದಿ ಬಂದಿರಲಿಲ್ಲ ಎಂಬ ಹಿಂಬರಹ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ವರದಿಯಷ್ಟೇ ಬೆಲೆಬಾಳುವ ದಾಖಲೆ.

ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ, ಅದಕ್ಕೆ ಹತ್ತು ಪುಟಗಳ ಮಿತಿ. ಕಂಪನಿ ಮಾಡಿದ ಸಾರಾಂಶದಲ್ಲಿ ತೊಡಕಿನ ಮಾತು ಇರುವುದಿಲ್ಲ. ಇಂಗ್ಲಿಷಿನಲ್ಲಿರುವ ಪೂರ್ತಿ ವರದಿಯೇ ಬೇಕು. ಜೊತೆಗೆ ಅಧ್ಯಯನ ಹೇಗೆ ಮಾಡಬೇಕೆಂದು ಸಮಿತಿ ಕೊಟ್ಟ ಟಿಓಆರ್ ಪತ್ರ, ಮೂಲ ಅರ್ಜಿಯಾದ ಫಾರ್ಮ್-1, ಮತ್ತು 1:4000 ಪ್ರಮಾಣದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ. ಇವುಗಳನ್ನು ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿ. ಆರ್‌ಟಿಐ ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಸಭೆಯ ಮೊದಲು ಅದನ್ನು ನೆಚ್ಚಿಕೊಳ್ಳಲಾಗದು.

ವರದಿಯಲ್ಲಿ ಹುಡುಕಬೇಕಾದದ್ದು

ಟಿಓಆರ್ ಪತ್ರವನ್ನು ಎಡಗಡೆ, ವರದಿಯನ್ನು ಬಲಗಡೆ ಇಟ್ಟುಕೊಂಡು ಒಂದೊಂದೇ ಷರತ್ತಿಗೆ ಟಿಕ್ ಹಾಕುತ್ತ ಬನ್ನಿ. ಸಮಿತಿ ಕೇಳಿದ್ದು, ವರದಿಯಲ್ಲಿ ಇಲ್ಲದ್ದು: ಇದಕ್ಕಿಂತ ಗಟ್ಟಿ ಆಕ್ಷೇಪ ಬೇರೆ ಇಲ್ಲ, ಇದಕ್ಕೆ ವಿಜ್ಞಾನಿಯೂ ಬೇಕಿಲ್ಲ. ಒಬ್ಬರೇ ಎಲ್ಲ ಓದಲು ಹೋದರೆ ಮೂರನೇ ಅಧ್ಯಾಯಕ್ಕೇ ಸೋಲುತ್ತಾರೆ. ಅಧ್ಯಾಯಗಳನ್ನು ಹಂಚಿಕೊಳ್ಳಿ, ಇಂಗ್ಲಿಷ್ ಓದಬಲ್ಲ ಕಾಲೇಜು ಹುಡುಗರ ಪಕ್ಕ ಕಡಲು ಬಲ್ಲ ಹಿರಿಯರೊಬ್ಬರನ್ನು ಕೂರಿಸಿ. ತಪ್ಪು ಸಿಗುವುದು ಆ ಜೋಡಿಗೆ.

ಮೊದಲ ಪ್ರಶ್ನೆ ಕಾಲದ್ದು. ಹಿನ್ನೆಲೆ ಮಾಹಿತಿಯನ್ನು ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಮಳೆಗಾಲ ಬಿಟ್ಟು, ಮೂರು ತಿಂಗಳು ಸಂಗ್ರಹಿಸುತ್ತಾರೆ. ನಮ್ಮ ಕಡಲು ದಡವನ್ನು ಕೊರೆಯುವುದು, ಅಳಿವೆಯ ಬಾಯಿ ಸರಿಯುವುದು, ಹೊಳೆಯ ಕೆಂಪು ನೀರು ಕಡಲಿಗೆ ನುಗ್ಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರ್‌ನ ಶಾಂತ ಕಡಲನ್ನು ಅಳೆದು ಬರೆದ ಲೆಕ್ಕ ಜುಲೈಗೆ ಹೇಗೆ ಹೊಂದುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆ ಹೊತ್ತಿನಲ್ಲಿ ದಡದ ಹತ್ತಿರ ದುಡಿಯುವುದು ನಾಡದೋಣಿಗಳು. ಬೇಸಿಗೆಯ ಸಮೀಕ್ಷೆಗೆ ಆ ಮೀನುಗಾರಿಕೆ ಕಾಣುವುದೇ ಇಲ್ಲ.

ಎರಡನೆಯದು ಮರಳು. ಕಡಲಿಗೆ ಅಲೆ ತಡೆಗೋಡೆ ಚಾಚಿದರೆ ತೀರದುದ್ದಕ್ಕೂ ಸಾಗುವ ಮರಳು ಒಂದು ಮಗ್ಗುಲಲ್ಲಿ ತಂಗುತ್ತದೆ, ಇನ್ನೊಂದು ಮಗ್ಗುಲಿನ ದಡ ಮರಳಿಲ್ಲದೆ ಕರಗುತ್ತದೆ. ಮರಳಿನ ದಿಕ್ಕು ಊರಿಂದೂರಿಗೆ, ಮಳೆಗಾಲಕ್ಕೂ ಬೇಸಿಗೆಗೂ ಬೇರೆ. ಕೇಳಬೇಕಾದದ್ದು: ತೀರ ಬದಲಾವಣೆಯ ಅಧ್ಯಯನಕ್ಕೆ ಎಷ್ಟು ವರ್ಷಗಳ ಉಪಗ್ರಹ ಚಿತ್ರ ಬಳಸಿದ್ದೀರಿ, ಗೋಡೆಯಿಂದ ಎಷ್ಟು ಕಿಲೋಮೀಟರ್‌ವರೆಗೆ ಲೆಕ್ಕ ಹಾಕಿದ್ದೀರಿ, ಕೊರೆತ ಬೀಳುವ ಊರುಗಳ ಹೆಸರೇನು? ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ಉಚಿತವಾಗಿ ಸಿಗುತ್ತದೆ. ಹತ್ತಿರದ ಯಾವುದಾದರೂ ಹಳೆಯ ತಡೆಗೋಡೆಯ ಎರಡು ಮಗ್ಗುಲನ್ನು ವರ್ಷವಾರು ಇಳಿಸಿಕೊಂಡು ಲಗತ್ತಿಸಿ.

ಹೂಳೆತ್ತುವ ವಿಷಯದಲ್ಲಿ ಘನ ಮೀಟರ್ ಲೆಕ್ಕ ಕೇಳಿ. ಆರಂಭದಲ್ಲಿ ಎಷ್ಟು, ಆಮೇಲೆ ಪ್ರತಿ ವರ್ಷ ಎಷ್ಟು, ಎಲ್ಲಿ ಸುರಿಯುತ್ತೀರಿ, ಆ ಜಾಗದಲ್ಲಿ ಈಗ ಯಾರು ಬಲೆ ಬಿಡುತ್ತಾರೆ? ಹಡಗಿನ ದಾರಿ ಎಂದು ಗೆರೆ ಎಳೆದ ಕಡೆ ದೋಣಿ ದಾಟಬಹುದೇ ಎಂಬುದನ್ನೂ ಸೇರಿಸಿ.

ನಕ್ಷೆಯ ಮುಂದೆ ಹೆಚ್ಚು ಹೊತ್ತು ಕೂರಿ. 2019ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳುದಿನ್ನೆ, ಕಡಲಾಮೆ ಮೊಟ್ಟೆಯಿಡುವ ತಾಣ ಇವೆಲ್ಲ ಅತಿ ಸೂಕ್ಷ್ಮವಾದ 1-ಎ ವಲಯ. ಕಾಂಡ್ಲಾ 1,000 ಚದರ ಮೀಟರ್ ಮೀರಿದರೆ ಸುತ್ತ 50 ಮೀಟರ್ ಕಾಪು ಪಟ್ಟಿ ಬೇಕು. ಮೀನು ಒಣಗಿಸುವ ಮರಳ ಹಾಸು ‘ಪಾಳುಭೂಮಿ’ ಎಂದು, ಉಪ್ಪುನೀರಿನ ಗಜನಿ ಗದ್ದೆ ‘ಜೌಗು’ ಎಂದು ಬರೆದಿದ್ದಾರೆಯೇ? ಕಗ್ಗ ಭತ್ತ ಬೆಳೆಯುವ, ಚಿಪ್ಪೆಕಲ್ಲು ತೆಗೆಯುವ ಜಾಗಕ್ಕೆ ಸರ್ವೆ ನಂಬರ್ ಸಮೇತ ಹೆಸರು ಕೊಡಿ. ಅಘನಾಶಿನಿ ಅಳಿವೆಯಂತೆ 2024ರಲ್ಲಿ ರಾಮ್ಸರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ಪಟ್ಟಿ) ಸೇರಿದ ತಾಣ ಅಧ್ಯಯನ ವ್ಯಾಪ್ತಿಯ 10 ಕಿಲೋಮೀಟರ್ ಒಳಗಿದ್ದೂ ವರದಿಯಲ್ಲಿ ಅದರ ಮಾತಿಲ್ಲದಿದ್ದರೆ ಅದು ಮೊದಲ ಪುಟದ ಆಕ್ಷೇಪ.

ಜೀವಿಗಳ ಪಟ್ಟಿಯನ್ನು ಬಿಡಬೇಡಿ, ಮನರಂಜನೆಗಾದರೂ ಓದಿ. ರತ್ನಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯೊಂದರ ವರದಿ ರಷ್ಯಾದ ಗಣಿಯ ವರದಿಯ ನಕಲೆಂದು ಬಯಲಾದದ್ದು ಕೊಂಕಣದ ಗುಡ್ಡದಲ್ಲಿ ಸ್ಪ್ರೂಸ್, ಬರ್ಚ್ ಮರಗಳು ಬೆಳೆದುಬಿಟ್ಟಿದ್ದರಿಂದ! ನಿಮ್ಮಲ್ಲಿ ಸಿಗುವ ಬಂಗುಡೆ, ಬೂತಾಯಿ, ಕಾಣೆ, ಸಿಗಡಿಗಳು ಪಟ್ಟಿಯಲ್ಲಿ ಇಲ್ಲದಿರುವುದೂ ಸುಳಿವೇ.

ಊರಿನದೇ ಲೆಕ್ಕ

ವರದಿ ಸುಳ್ಳು ಎಂದರೆ ಸಾಲದು, ನಿಜವೇನೆಂದು ಅಂಕಿಯಲ್ಲಿ ಹೇಳಬೇಕು. ಹದಿನೈದು ದಿನ ಇಳಿದಾಣದಲ್ಲಿ ಒಬ್ಬರು ಕುಳಿತು ಯಾವ ದೋಣಿ, ಯಾವ ಮೀನು, ಎಷ್ಟು ಬುಟ್ಟಿ ಎಂದು ಬರೆಯಲಿ. ಮೀನುಗಾರರ ಸಹಕಾರ ಸಂಘದ ಹಿಂದಿನ ವರ್ಷಗಳ ಮಾರಾಟದ ಲೆಕ್ಕ ಪಡೆಯಿರಿ. ನೋಂದಣಿಯಾದ ಬೋಟುಗಳನ್ನು ಸರ್ಕಾರವೂ ಎಣಿಸುತ್ತದೆ. ಎಣಿಕೆಗೆ ಸಿಗದವರು ದಡದಿಂದ ಕೈರಂಪಣಿ ಬಲೆ ಎಳೆಯುವವರು, ಮೀನು ಮಾರುವ ಮತ್ತು ಒಣಗಿಸುವ ಹೆಂಗಸರು, ಇಳಿತದಲ್ಲಿ ಚಿಪ್ಪು ಹೆಕ್ಕುವವರು. ಈ ಮೂರು ಪಟ್ಟಿಯನ್ನು ಊರೇ ಮಾಡಬೇಕು. ಬಲೆ ಬಿಡುವ ಜಾಗಗಳಿಗೆ ಊರವರು ಇಟ್ಟ ಹೆಸರುಗಳನ್ನು ಜಿಪಿಎಸ್ ಗುರುತಿನೊಂದಿಗೆ ನಕ್ಷೆಯ ಮೇಲೆ ಬರೆಯಿರಿ. ಮಂಗಳೂರಿನ ಮೀನುಗಾರಿಕಾ ಕಾಲೇಜು, ಸಿಎಂಎಫ್‌ಆರ್‌ಐ (ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರ, ಕಾರವಾರದ ಕಡಲಜೀವಶಾಸ್ತ್ರ ವಿಭಾಗಗಳ ಪ್ರಕಟಿತ ಅಧ್ಯಯನಗಳಲ್ಲಿ ನಿಮ್ಮ ತೀರದ ಹೆಸರಿದ್ದರೆ ಆ ಪುಟ ಲಗತ್ತಿಸಿ.

ಲಿಖಿತ ಆಕ್ಷೇಪಕ್ಕೆ ಒಂದು ಮಾದರಿ:

‘ಅಧ್ಯಾಯ 3, ಪುಟ 112: ಯೋಜನಾ ಜಾಗದಲ್ಲಿ ಜೀವನೋಪಾಯದ ಚಟುವಟಿಕೆ ಇಲ್ಲ ಎಂದಿದೆ. ಅಲ್ಲಿ ಅಕ್ಟೋಬರ್‌ನಿಂದ ಮೇವರೆಗೆ 46 ಮನೆಗಳ ಹೆಂಗಸರು ಮೀನು ಒಣಗಿಸುತ್ತಾರೆ. ಹೆಸರುಗಳ ಪಟ್ಟಿ ಅನುಬಂಧ 4, ತಾರೀಖಿರುವ ಫೋಟೊ ಅನುಬಂಧ 5. ಇದನ್ನು ಸೇರಿಸಿ ಪರಿಣಾಮವನ್ನು ಮತ್ತೆ ಅಂದಾಜಿಸಬೇಕು.’

ಒಂದು ಆಕ್ಷೇಪಕ್ಕೆ ಒಂದೇ ಪ್ಯಾರಾ, ಅದಕ್ಕೊಂದು ಸಂಖ್ಯೆ. ಒಂದೇ ಪತ್ರಕ್ಕೆ ಐನೂರು ಸಹಿ ಹಾಕಿಸಿದರೆ ಪಟ್ಟಿಯಲ್ಲಿ ಅದು ಒಂದೇ ಸಾಲು. ಹತ್ತು ಬೇರೆ ಆಕ್ಷೇಪಗಳ ಹತ್ತು ಪತ್ರ ಹತ್ತು ಸಾಲು. ಸಭೆಗೆ ಮೊದಲೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸಭೆಗೆ ಬರಲಾಗದವರೂ, ಬೇರೆ ಊರಿನವರೂ ಹೀಗೆ ಬರೆಯಬಹುದು.

ಸಭೆಯ ದಿನ

ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಪ್ರತಿನಿಧಿಯದು. ಕೆಳಗಿನ ಅಧಿಕಾರಿ ಕುಳಿತಿದ್ದರೆ ಆಗಲೇ ಲಿಖಿತ ಆಕ್ಷೇಪ ಕೊಡಿ. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಮಂಡಳಿಯ ಹೊಣೆ, ಆದರೂ ನಿಮ್ಮದೊಂದು ಇರಲಿ. ಹಾಜರಿ ಪುಸ್ತಕದಲ್ಲಿ ಎಲ್ಲರೂ ಸಹಿ ಮಾಡಲಿ.

ಮೊದಲು ಮಾತನಾಡುವವರು ಉದ್ಯೋಗ ಕೇಳಿದರೆ ಸಭೆಯ ದಾರಿಯೇ ತಪ್ಪುತ್ತದೆ. ಅದಕ್ಕೆ ಕಂಪನಿಯ ಬಳಿ ‘ಸ್ಥಳೀಯರಿಗೆ ಆದ್ಯತೆ’ ಎಂಬ ಸಿದ್ಧ ಉತ್ತರ ಇರುತ್ತದೆ, ಪಟ್ಟಿಯ ಅರ್ಧ ಅದರಲ್ಲೇ ತುಂಬುತ್ತದೆ. ಪುಟ ಸಂಖ್ಯೆ ಹಿಡಿದು ಮಾತನಾಡುವ ಐದಾರು ಜನರನ್ನು, ಅವರಲ್ಲಿ ಮೀನುಗಾರ ಹೆಂಗಸರನ್ನು, ಮೊದಲೇ ನಿಲ್ಲಿಸಿ. ತಲಾ ಮೂರು ನಿಮಿಷ, ಒಂದೇ ವಿಷಯ. ತುಳು, ಕೊಂಕಣಿಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವವರಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಸಭೆ ನಡೆಯದಂತೆ ಮಾಡಿದರೆ ಗೆಲುವು ಎಂದು ನಂಬಿದವರು ಇಐಎ ಅಧಿಸೂಚನೆಯ 7ನೇ ಕಂಡಿಕೆ ಓದಬೇಕು. ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಮಾತನಾಡುವಂತೆ ಸಭೆ ನಡೆಸಲಾಗದು ಎಂದು ಮಂಡಳಿ ವರದಿ ಮಾಡಿದರೆ, ಅಹವಾಲು ಸಭೆಯೇ ಬೇಡ ಎಂದು ತೀರ್ಮಾನಿಸಲು ಅವಕಾಶವಿದೆ. ಕುರ್ಚಿ ಎಸೆದವರು ಕಂಪನಿಗೆ ಮಾಡಿಕೊಟ್ಟ ಉಪಕಾರ ಅದು.

ಎಲ್ಲಕ್ಕಿಂತ ಹೆಚ್ಚು ಕೈತಪ್ಪುವುದು ಕೊನೆಯ ಅರ್ಧ ಗಂಟೆ. ನಡಾವಳಿಯ ಸಾರವನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಅಧ್ಯಕ್ಷರು ಸಹಿ ಹಾಕಬೇಕು. ಅಷ್ಟರಲ್ಲಿ ಊಟಕ್ಕೆ, ಬಸ್ಸಿಗೆ ಎಂದು ಜನ ಖಾಲಿ. ‘ಕೆಲವರು ಮೀನುಗಾರಿಕೆಯ ಬಗ್ಗೆ ಕಾಳಜಿ ವ್ಯಕ್ತಪಡಿಸಿದರು’ ಎಂಬ ಒಂದು ಸಾಲಿನಲ್ಲಿ ನಲವತ್ತು ಜನರ ಮಾತು ಮುಗಿಯುವುದು ಆಗಲೇ. ಇಬ್ಬರು ಟಿಪ್ಪಣಿ ಮಾಡಿಕೊಂಡು ಕೂತಿರಲಿ. ಬಿಟ್ಟುಹೋದದ್ದನ್ನು ಸಹಿಗೆ ಮುಂಚೆ ಸೇರಿಸಿ ಎಂದು ಮೈಕಿನಲ್ಲೇ ಹೇಳಲಿ.

ಆಮೇಲೆ

ನಡಾವಳಿಯನ್ನು ಮಂಡಳಿ 8 ದಿನದೊಳಗೆ ಕಳಿಸಬೇಕು, ಪಂಚಾಯಿತಿಯಲ್ಲೂ ಪ್ರದರ್ಶಿಸಬೇಕು. ತಪ್ಪಿದ್ದರೆ ತಜ್ಞರ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ನೇರವಾಗಿ ಬರೆಯಿರಿ. ಸಮಿತಿಯ ಕಾರ್ಯಸೂಚಿಯನ್ನು ಪರಿವೇಶ್‌ನಲ್ಲಿ ವಾರಕ್ಕೊಮ್ಮೆ ನೋಡುವ ಕೆಲಸ ಒಬ್ಬರಿಗೆ ವಹಿಸಿ. ಆಕ್ಷೇಪಗಳನ್ನು ಪರಿಗಣಿಸಿ ಕಾರಣ ದಾಖಲಿಸುವುದು ಸಮಿತಿಯ ಕರ್ತವ್ಯ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ, ಗೋವಾದ ಗಣಿ ಪ್ರಕರಣವೊಂದರಲ್ಲಿ ಹೇಳಿದೆ. ಬೇಕೆಂದೇ ಮಾಹಿತಿ ಮುಚ್ಚಿಟ್ಟರೆ ಇಐಎ ಅಧಿಸೂಚನೆಯ 8ನೇ ಕಂಡಿಕೆಯಡಿ ಅನುಮತಿ ರದ್ದಾಗಬಹುದು. ಗೋವಾದ ಮೋಪ ವಿಮಾನ ನಿಲ್ದಾಣದ ಅನುಮತಿಯನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅಮಾನತಿನಲ್ಲಿಟ್ಟದ್ದು ಇಂಥ ಲೋಪಕ್ಕೇ. ಆದರೆ 2020ರ ಜನವರಿಯಲ್ಲಿ ಹೆಚ್ಚುವರಿ ಷರತ್ತುಗಳೊಂದಿಗೆ ಅಮಾನತು ತೆರವಾಯಿತು ಎಂಬುದನ್ನೂ ನೆನಪಿಡಿ.

ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ. ಅವಧಿ 30 ದಿನ. ತಕ್ಕ ಕಾರಣ ಕೊಟ್ಟರೆ ಇನ್ನು 60 ದಿನ, 90 ದಾಟಿದರೆ ಬಾಗಿಲು ಮುಚ್ಚಿತು. ಅನುಮತಿ ಪತ್ರ ಜಾಲತಾಣಕ್ಕೆ ಏರಿದ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಪರಿಹಾರ ಕೇಳದ ಮೇಲ್ಮನವಿಗೆ ಶುಲ್ಕ 1,000 ರೂಪಾಯಿ. ಸೀಲು ಬಿದ್ದ ಆಕ್ಷೇಪ, ಹಿಂಬರಹ, ವಿಡಿಯೊ ಇವುಗಳನ್ನು ವಕೀಲರಿಗೆ ಮೊದಲ ದಿನವೇ ಕೊಡಿ.

ಮೇಲ್ಮನವಿ ಸೋತರೂ ಅನುಮತಿಯ ಷರತ್ತುಗಳು ಉಳಿದಿರುತ್ತವೆ. ಅವುಗಳ ಪಾಲನೆಯ ವರದಿಯನ್ನು ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಜಾಲತಾಣದಲ್ಲಿ ಕಾಣದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಆರ್‌ಟಿಐ ಹಾಕಿ: 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಕರ್ನಾಟಕದ ನಿಯಮ ಅದು. ಎರಡು ವಿಷಯ ಸೇರಿಸಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು.