ಒಂದೇ ತಂತಿಯಲ್ಲಿ ಇಂಟರ್ನೆಟ್ಟೂ ಹೋಮ್ ಆಟೊಮೇಷನ್ನೂ

ಮನೆಯ ವಿದ್ಯುತ್ ತಂತಿಯಲ್ಲೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಹಾಕಿದಂದಿನಿಂದ ದೀಪ ಮಾತು ಕೇಳುತ್ತಿಲ್ಲ ಎಂದು ಯಾರಾದರೂ ದೂರಿದರೆ ನಾನು ಕೇಳುವ ಮೊದಲ ಪ್ರಶ್ನೆ, ನಿಮ್ಮ ಆಟೊಮೇಷನ್ ಸಂಕೇತ ಹೋಗುವುದು ಗಾಳಿಯಲ್ಲೋ ತಂತಿಯಲ್ಲೋ ಎಂಬುದು. ಜಿಗ್‌ಬೀ, ಝಡ್-ವೇವ್, ವೈಫೈ ಇವೆಲ್ಲ ರೇಡಿಯೋ. ಅಲ್ಲಿ ತೊಂದರೆಯಾದರೆ ಅಡಾಪ್ಟರಿನ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ; ಹಬ್‌ನಿಂದ ರೂಟರಿಗೆ ಪವರ್‌ಲೈನ್ ಮೂಲಕವೇ ಸಂಪರ್ಕ ಕೊಟ್ಟಿದ್ದರೆ ಆ ಕೊಂಡಿಯನ್ನಷ್ಟೇ ಪರೀಕ್ಷಿಸಿದರೆ ಸಾಕು. ವಿದ್ಯುತ್ ತಂತಿಯಲ್ಲೇ ಆದೇಶ ಕಳುಹಿಸುವ ಎಕ್ಸ್-10, ಇನ್‌ಸ್ಟಿಯಾನ್, ಯುಪಿಬಿ ಅಥವಾ ಕೆಎನ್‌ಎಕ್ಸ್‌ನ ಪವರ್‌ಲೈನ್ ಮಾದರಿ ಇರುವವರು ಮುಂದೆ ಓದಿ.

ಎರಡೂ ಸಂಕೇತಗಳು ಒಂದೇ ತಂತಿಯಲ್ಲಿ ಡಿಕ್ಕಿ ಹೊಡೆಯುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. 1975ರಲ್ಲಿ ರೂಪುಗೊಂಡ ಎಕ್ಸ್-10 ಬಳಸುವುದು 120 ಕಿಲೋಹರ್ಟ್ಸ್; ವಿದ್ಯುತ್ ಅಲೆ ಸೊನ್ನೆಯನ್ನು ದಾಟುವ ಕ್ಷಣದಲ್ಲಿ ಒಂದು ಪುಟ್ಟ ಮಿಡಿತ, ಅಷ್ಟೇ. ಇನ್‌ಸ್ಟಿಯಾನ್ ತಂತಿಯ ಮೇಲೆ 131.65 ಕಿಲೋಹರ್ಟ್ಸ್‌ನಲ್ಲಿದೆ, ಕೆಎನ್‌ಎಕ್ಸ್ 110ರಲ್ಲಿದೆ, ಯುಪಿಬಿ ಇನ್ನೂ ಕೆಳಗೆ. ಹೋಮ್‌ಪ್ಲಗ್ ಎವಿ ಎಂಬ ಮಾನಕದ ಪವರ್‌ಲೈನ್ ಅಡಾಪ್ಟರುಗಳು ಆರಂಭವಾಗುವುದೇ ಸುಮಾರು 2 ಮೆಗಾಹರ್ಟ್ಸ್‌ನಿಂದ. ಎವಿ2 ಮಾದರಿಯವು 86ರವರೆಗೂ ಹೋಗಬಲ್ಲವು. ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರವಿದೆ.

ಹಾಗಾದರೆ ದೀಪ ಏಕೆ ಹೊತ್ತುವುದಿಲ್ಲ? ಬಹುತೇಕ ಸಂದರ್ಭಗಳಲ್ಲಿ ಸಂಕೇತವನ್ನು ಯಾರೂ ಕೆಡಿಸಿರುವುದಿಲ್ಲ, ನುಂಗಿರುತ್ತಾರೆ. ಸ್ವಿಚಿಂಗ್ ಪವರ್ ಸಪ್ಲೈ ಇರುವ ಉಪಕರಣಗಳ ಬಾಗಿಲಲ್ಲೇ, ಫೇಸ್ ಮತ್ತು ನ್ಯೂಟ್ರಲ್‌ಗಳ ನಡುವೆ, ವಿದ್ಯುತ್ ಗದ್ದಲ ತಡೆಯುವ ಒಂದು ಕೆಪಾಸಿಟರ್ ಕುಳಿತಿರುತ್ತದೆ. 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನೇ ತೆಗೆದುಕೊಳ್ಳಿ. 50 ಹರ್ಟ್ಸ್ ವಿದ್ಯುತ್ತಿಗೆ ಅದು ಸುಮಾರು 32 ಸಾವಿರ ಓಮ್, ಅಂದರೆ ಇದ್ದೂ ಇಲ್ಲದಂತೆ. 120 ಕಿಲೋಹರ್ಟ್ಸ್ ಸಂಕೇತಕ್ಕೆ ಅದೇ ಕೆಪಾಸಿಟರ್ ಬರೀ 13 ಓಮ್. ಮೊದಲೇ ಬಡಕಲಾದ ಸಂಕೇತ ಅಲ್ಲೇ ಸೋರಿಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್, ಟಿವಿ, ಯುಪಿಎಸ್ ಎಲ್ಲವೂ ಈ ಕೆಲಸ ಮಾಡಬಲ್ಲವು. ಅಡಾಪ್ಟರ್ ಹೊಸದಾಗಿ ಬಂದದ್ದರಿಂದ ಅಪವಾದ ಅದರ ತಲೆಗೆ ಬರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಅಡಾಪ್ಟರುಗಳನ್ನೆಲ್ಲ ಸಾಕೆಟ್ಟಿನಿಂದ ಕಿತ್ತು ದೀಪದ ಆದೇಶ ಕಳುಹಿಸಿ. ಆಗಲೂ ಕೆಲಸ ಮಾಡದಿದ್ದರೆ ಅಡಾಪ್ಟರ್ ನಿರಪರಾಧಿ. ಚಾರ್ಜರುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ. ಅಡಾಪ್ಟರ್ ಕಿತ್ತೊಡನೆ ದೀಪ ಕೆಲಸ ಮಾಡಿದ್ದರೆ ಅದನ್ನು ಮತ್ತೆ ಸಿಕ್ಕಿಸಿ, ಆದರೆ ಈಥರ್ನೆಟ್ ಕೇಬಲ್ ಹಾಕಬೇಡಿ. ಸುಮ್ಮನೆ ಕುಳಿತಿದ್ದಾಗಲೂ ದೀಪ ಕೈಕೊಟ್ಟರೆ ಅದು ಕೆಪಾಸಿಟರಿನ ಕೆಲಸ. ಕೇಬಲ್ ಹಾಕಿ ದೊಡ್ಡ ಕಡತ ಕಳುಹಿಸುವಾಗ ಮಾತ್ರ ಕೈಕೊಟ್ಟರೆ ಅಡಾಪ್ಟರಿನ ಗದ್ದಲದ ಮೇಲೆ ಅನುಮಾನಪಡಿ.

ನುಂಗುವಿಕೆಗೆ ಎಲ್ಲಕ್ಕಿಂತ ಅಗ್ಗದ ಪರಿಹಾರ ದೂರ. ಅಡಾಪ್ಟರನ್ನೂ ಆಟೊಮೇಷನ್ ನಿಯಂತ್ರಕವನ್ನೂ ಅಕ್ಕಪಕ್ಕದ ಸಾಕೆಟ್ಟಿನಲ್ಲಿ ಇಡಬೇಡಿ. ಸಾಧ್ಯವಾದರೆ ಬೇರೆ ಸರ್ಕ್ಯೂಟಿಗೆ ಹಾಕಿ. ನಡುವಿನ ತಂತಿಯೇ ಈ ಆವರ್ತನದಲ್ಲಿ ಒಂದಿಷ್ಟು ಅಡ್ಡಿ ಒಡ್ಡುತ್ತದೆ. ಚಾರ್ಜರ್, ಟಿವಿ, ಯುಪಿಎಸ್‌ಗಳನ್ನು ಆಟೊಮೇಷನ್‌ಗೆಂದೇ ಮಾಡಿದ ಪ್ಲಗ್-ಇನ್ ಫಿಲ್ಟರಿನ ಹಿಂದೆ ಸರಿಸಿ. ಪವರ್‌ಲೈನ್ ಅಡಾಪ್ಟರನ್ನು ಮಾತ್ರ ಯಾವ ಫಿಲ್ಟರಿನ ಹಿಂದೆಯೂ ಹಾಕಬಾರದು, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗಂತೂ ಬೇಡವೇ ಬೇಡ. ಅದರ ಜಾಗ ನೇರ ಗೋಡೆಯ ಸಾಕೆಟ್.

ಕೆಲವು ಅಡಾಪ್ಟರುಗಳ ಮುಖದಲ್ಲೇ ಇನ್ನೊಂದು ಸಾಕೆಟ್ ಇರುತ್ತದೆ. ಸಾಮಾನ್ಯವಾಗಿ ಅದರೊಳಗೆ ಫಿಲ್ಟರ್ ಅಡಗಿರುವುದರಿಂದ ಕಂಪ್ಯೂಟರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದು ಒಳ್ಳೆಯ ಜಾಗ. ಲೋಡ್ ಮಿತಿ ಎಷ್ಟೆಂದು ನೋಡಿಕೊಳ್ಳಿ. ಆದರೆ ಆಟೊಮೇಷನ್ ಮಾಡ್ಯೂಲನ್ನು ಅಲ್ಲಿ ಸಿಕ್ಕಿಸಿದರೆ ಆ ಫಿಲ್ಟರೇ ಅದಕ್ಕೆ ಕಿವುಡು ತರುತ್ತದೆ. ಹೇಗೂ ಖಾಲಿ ಇದೆಯಲ್ಲ ಎಂದು ಕೈ ಹೋಗುವುದು ಅಲ್ಲಿಗೇ, ಎಚ್ಚರ.

ತೊಂದರೆ ತಿರುಗಿಯೂ ಬರುತ್ತದೆ. ದೀಪದ ಬೆಳಕು ತಗ್ಗಿಸುವ ಟ್ರಯಾಕ್ ಡಿಮ್ಮರ್ ಪ್ರತಿ ಅರ್ಧ ಆವರ್ತದಲ್ಲೂ ಅಲೆಯನ್ನು ಕತ್ತರಿಸುತ್ತದೆ. ಆ ಕತ್ತರಿಯ ಸದ್ದು ಮೆಗಾಹರ್ಟ್ಸ್‌ಗಳವರೆಗೂ ಹರಡಿ ಅಡಾಪ್ಟರಿನ ವೇಗ ಕುಸಿಯುತ್ತದೆ. ಇದನ್ನು ಹಿಡಿಯಲು ನನಗೆ ಇಷ್ಟವಾದ ಸಾಧನ ಬ್ಯಾಟರಿಯ ಹಳೆಯ ರೇಡಿಯೋ. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ, ಡಿಮ್ಮರಿನ ಹತ್ತಿರ ಹಿಡಿದು, ದೀಪವನ್ನು ಅರ್ಧಕ್ಕೆ ಇಳಿಸಿ. ಗುರ್ರೆನ್ನುವ ಸದ್ದು ಎದ್ದರೆ ಅಪರಾಧಿ ಸಿಕ್ಕಿದ ಹಾಗೆ. ಚಾರ್ಜರುಗಳ ಮೇಲೂ ಇದೇ ಪ್ರಯೋಗ ಮಾಡಬಹುದು.

ಮನೆಗೆ ಒಂದಕ್ಕಿಂತ ಹೆಚ್ಚು ಫೇಸ್ ಬಂದಿದ್ದರೆ ಆಟೊಮೇಷನ್ ಸಂಕೇತ ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಕಪ್ಲರ್ ಬೇಕಾಗಬಹುದು. ಅಡಾಪ್ಟರಿನ ಸಂಕೇತ ಎತ್ತರದ ಆವರ್ತನದ್ದಾದ್ದರಿಂದ ಒತ್ತಾಗಿ ಸಾಗುವ ತಂತಿಗಳ ನಡುವೆ ಎಷ್ಟೋ ಸಲ ತಾನೇ ದಾಟಿಬಿಡುತ್ತದೆ. ಕಪ್ಲರ್ ಕೂರುವುದು ಮುಖ್ಯ ಪ್ಯಾನೆಲ್ಲಿನಲ್ಲಿ. ಆ ಕೆಲಸ ಎಲೆಕ್ಟ್ರೀಷಿಯನ್‌ಗೆ ಬಿಡಿ.

ಎಲ್ಲ ಮುಗಿದ ಮೇಲೆ ವೇಗ ಅಳೆಯುವಾಗ ಡಬ್ಬಿಯ ಮೇಲಿನ ಸಂಖ್ಯೆಯನ್ನು ಮರೆತುಬಿಡಿ. 500 ಎಂದು ಬರೆದ ಎಷ್ಟೋ ಅಡಾಪ್ಟರುಗಳಲ್ಲಿ ಈಥರ್ನೆಟ್ ಪೋರ್ಟ್ ಇರುವುದೇ 100 ಮೆಗಾಬಿಟ್‌ನದು. ಡಿಮ್ಮರುಗಳನ್ನು ಉರಿಸಿ ಒಮ್ಮೆ, ಆರಿಸಿ ಒಮ್ಮೆ ಕಡತ ಕಳುಹಿಸಿ ನೋಡಿ. ಅದು ನಡೆಯುತ್ತಿರುವಾಗಲೇ ಮನೆಯ ಎಲ್ಲ ದೀಪಗಳಿಗೂ ಒಂದೊಂದಾಗಿ ಆದೇಶ ಕೊಡಿ.